ಡಿಸ್ಕ್ 100% ಅಂದರೆ ವೈರಸ್ ಅಂತ ಹೇಳಿ ದುಡ್ಡು ಕೀಳುತ್ತಾರೆ, ಹುಷಾರಾಗಿರಿ

ಕಂಪ್ಯೂಟರ್ ಸ್ಲೋ ಆಗಿದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ (ಯಾವುದು ಎಷ್ಟು ಬ್ಯುಸಿ ಅಂತ ತೋರಿಸುವ ವಿಂಡೋಸ್ ಪರದೆ) ಡಿಸ್ಕ್ ಸದಾ 100% ಇದೆ ಅಂತ ಯಾರಿಗಾದರೂ ದುಡ್ಡು ಕೊಡಲು ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಮನೆಯಲ್ಲಿ ಹೇಳಿಕೊಳ್ಳಲೂ ನಾಚಿಕೆಯಾಗಿ ಸುಮ್ಮನಿದ್ದೆ. ಆದರೆ ಸಿಟ್ಟು ಇಳಿಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಲ್ಯಾಪ್‌ಟಾಪ್ ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಫೋಲ್ಡರ್ ತೆರೆದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಸಿಪಿಯು ಆರಾಮಾಗಿದೆ, ಮೆಮೊರಿ ಅರ್ಧವೂ ತುಂಬಿಲ್ಲ, ಡಿಸ್ಕ್ ಮಾತ್ರ 100. ಒಳಗಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ ಅಲ್ಲ. ವಿಂಡೋಸ್ ಅಪ್‌ಡೇಟ್ ಆಗುವಾಗ, ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ಸ್ಕ್ಯಾನ್ ಮಾಡುವಾಗ ಅಂಥ ಡಿಸ್ಕ್ ಕೆಲವು ಹೊತ್ತು 100 ಮುಟ್ಟುವುದು ಮಾಮೂಲಿ. ನನ್ನದು ಕೆಳಗಿಳಿಯುತ್ತಲೇ ಇರಲಿಲ್ಲ.

ರಿಮೋಟ್‌ನಲ್ಲಿ ರಿಪೇರಿ ಮಾಡಿಕೊಡುವ ಒಂದು ಕಡೆಗೆ ಫೋನ್ ಮಾಡಿದೆ. ಹೇಗಿರುತ್ತೆ ಗೊತ್ತಲ್ವಾ, ಒಂದು ಸಾಫ್ಟ್‌ವೇರ್ ಹಾಕಿಸುತ್ತಾರೆ, ಕೋಡ್ ಕೇಳುತ್ತಾರೆ, ಆಮೇಲೆ ಮೌಸ್ ಅವರ ಕೈಗೆ. ಆತ ಟಾಸ್ಕ್ ಮ್ಯಾನೇಜರ್ ಸರಿಯಾಗಿ ನೋಡಲೂ ಇಲ್ಲ. ನೇರ ಈವೆಂಟ್ ವ್ಯೂವರ್ ತೆರೆದ, ಅಂದರೆ ವಿಂಡೋಸ್ ತನ್ನೊಳಗೆ ಆದದ್ದನ್ನು ಬರೆದಿಡುವ ಪಟ್ಟಿ. ಸಾಲುಸಾಲಾಗಿ ಕೆಂಪು ಗುರುತು, ಹಳದಿ ಗುರುತು. ಮೌಸ್ ಸರಸರ ಕೆಳಗೆ ಎಳೆಯುತ್ತಾ ಹೋದ. ನಡುವೆ 10016 ಅಂತ ನಂಬರ್ ಇದ್ದ ಸಾಲಿನ ಮೇಲೆ ನಿಲ್ಲಿಸಿದ.

"ನೋಡಿ ಮೇಡಂ, ಇದೆಲ್ಲ ವೈರಸ್ ಮಾಡಿರೋ ಎರರ್. ಡಿಸ್ಕ್ ಯಾಕೆ ಫುಲ್ ಓಡ್ತಿದೆ ಅಂತ ಈಗ ಗೊತ್ತಾಯ್ತಾ? ಹೀಗೇ ಬಿಟ್ರೆ ಫೈಲ್ ಎಲ್ಲ ಹೋಗುತ್ತೆ."

ಇಷ್ಟು ವರ್ಷದ ಫೋಟೋ ಅದರಲ್ಲೇ ಇವೆ. ಎದೆ ಧಸಕ್ಕೆಂದಿತು. ಒಂದು ಸಲದ ರಿಪೇರಿ ಆಗಲ್ಲ, ವರ್ಷದ ಪ್ಯಾಕೇಜ್ ತಗೊಂಡರೆ ಮಾತ್ರ ಅಂದ. ಕೊಟ್ಟೆ.

ಆಮೇಲೆ ಮಾಡಿದ್ದು ಏನು? ಇನ್ನೊಂದು ಆಂಟಿವೈರಸ್ ಹಾಕಿ ಫುಲ್ ಸ್ಕ್ಯಾನ್ ಹಚ್ಚಿದ. ರಿಜಿಸ್ಟ್ರಿ ಕ್ಲೀನರ್ ಓಡಿಸಿದ. ಸಿಸ್‌ಮೇನ್ (ಹೆಚ್ಚು ಬಳಸುವ ಸಾಫ್ಟ್‌ವೇರ್‌ಗಳನ್ನು ಮೊದಲೇ ಮೆಮೊರಿಗೆ ತಂದಿಡುವ ವಿಂಡೋಸ್ ಸೇವೆ) ಆಫ್, ವಿಂಡೋಸ್ ಅಪ್‌ಡೇಟ್ ಆಫ್. ಕೊನೆಗೆ ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಓದಿ, ಮತ್ತೆ ಬರೆದು ಜೋಡಿಸುವ ಕೆಲಸ) ಹಾಕಿ, "ರಾತ್ರಿಯಿಡೀ ಓಡಲಿ ಮೇಡಂ, ಮಧ್ಯೆ ಆಫ್ ಮಾಡಬೇಡಿ" ಅಂದ. ಈ ಡಿಫ್ರಾಗ್ ಮಾತು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಸ್ಲೋ. ಕೆಲವು ಫೋಟೋ ತೆರೆಯುತ್ತಲೇ ಇಲ್ಲ. ಫೋನ್ ಮಾಡಿದೆ. "ಹೊಸ ಆಂಟಿವೈರಸ್ ಅಲ್ವಾ ಮೇಡಂ, ಸೆಟ್ ಆಗೋಕೆ ಟೈಮ್ ಬೇಕು." ಮತ್ತೆ ಮಾಡಿದೆ. "ನಿಮ್ಮ ಇಂಟರ್‌ನೆಟ್ ಸ್ಲೋ ಇರಬೇಕು." ನನ್ನ ಡಿಸ್ಕ್‌ನಲ್ಲಿರುವ ಫೋಲ್ಡರ್ ತೆರೆಯಲು ಇಂಟರ್‌ನೆಟ್ ಯಾಕೆ ಬೇಕು? ಇನ್ನೊಂದು ಸಲ ಮಾಡಿದಾಗ ಬೇರೆಯವರು ಎತ್ತಿಕೊಂಡು, "ಸಿಸ್ಟಮ್ ಹಳೇದು ಮೇಡಂ, ಹೊಸದು ತಗೊಂಡುಬಿಡಿ" ಅಂದರು. ದುಡ್ಡು ಇಸಿದುಕೊಳ್ಳುವಾಗ ಹಳೇದು ಅಂತ ಗೊತ್ತಿರಲಿಲ್ವಾ?

ಕೊನೆಗೆ ಆಫೀಸಿನ ಗೆಳೆಯರೊಬ್ಬರು ನೋಡಿದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ಗೆ ಹೋಗಿ ಡಿಸ್ಕ್ ಮೇಲೆ ಒತ್ತಿದರು. ಆಕ್ಟಿವ್ ಟೈಮ್ 100%. ಆದರೆ ರೀಡ್ ಸ್ಪೀಡ್ ಸೆಕೆಂಡಿಗೆ ಕೆಲವೇ ಕೆಬಿ. ಆವರೇಜ್ ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್. 100% ಅಂದರೆ ಡಿಸ್ಕ್ ಪೂರ್ತಿ ಹೊತ್ತು ಬ್ಯುಸಿ ಅಂತ ಅಷ್ಟೇ, ಜಾಸ್ತಿ ಕೆಲಸ ಮಾಡುತ್ತಿದೆ ಅಂತ ಅಲ್ಲ ಅಂದರು. ಚೆನ್ನಾಗಿರುವ ಹಾರ್ಡ್ ಡಿಸ್ಕ್ ಸುಮಾರು 10-20 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತೆ. ನನ್ನದು ಒಂದೇ ಜಾಗವನ್ನು ಓದಲಾಗದೆ ಮತ್ತೆ ಮತ್ತೆ ಓದುತ್ತಾ ಕೂತಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ, ಡಿಸ್ಕ್ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿದ ತಕ್ಷಣ ಹಳದಿ ಬಣ್ಣದಲ್ಲಿ ಕಾಷನ್ (ಎಚ್ಚರಿಕೆ) ಅಂತ ಬಂತು. ಪೆಂಡಿಂಗ್ ಸೆಕ್ಟರ್, ಅಂದರೆ ಸರಿಯಾಗಿ ಓದಲಾಗದ ಜಾಗಗಳು, ತುಂಬಾ ಇದ್ದವು. ಡಿಸ್ಕ್ ಸಾಯುತ್ತಿತ್ತು. ವೈರಸ್ಸೂ ಇಲ್ಲ, ಏನೂ ಇಲ್ಲ.

ಆ ಕೆಂಪು ಗುರುತುಗಳ ಬಗ್ಗೆ ಕೇಳಿದೆ. ಅವರು ಏನೂ ಹೇಳದೆ ತಮ್ಮ ಹೊಸ ಲ್ಯಾಪ್‌ಟಾಪ್ ತೆಗೆದು ಈವೆಂಟ್ ವ್ಯೂವರ್ ತೋರಿಸಿದರು. ಅಲ್ಲೂ ಕೆಂಪು, ಅಲ್ಲೂ ಹಳದಿ, ಅಲ್ಲೂ 10016! ಯಾವ ವಿಂಡೋಸ್ ತೆರೆದರೂ ಇರುತ್ತವಂತೆ. 10016 ಅನ್ನು ತಲೆಕೆಡಿಸಿಕೊಳ್ಳದೆ ಬಿಡಬಹುದು ಅಂತ ಮೈಕ್ರೋಸಾಫ್ಟೇ ಹೇಳಿದೆ.

ಇಲ್ಲಿಗೇ ಮುಗಿದಿದ್ದರೆ ಮೋಸ ಹೋದೆ ಅಂತ ಸುಮ್ಮನಾಗುತ್ತಿದ್ದೆನೇನೋ. ಅವರು ನನ್ನ ಲ್ಯಾಪ್‌ಟಾಪ್‌ನ ಅದೇ ಪಟ್ಟಿಯನ್ನು ನಿಧಾನಕ್ಕೆ ಕೆಳಗೆ ಎಳೆದರು. 10016ರ ಕೆಳಗೇ ಇತ್ತು. ಸೋರ್ಸ್ ಡಿಸ್ಕ್, ನಂಬರ್ 7, ಬ್ಯಾಡ್ ಬ್ಲಾಕ್ (ಡಿಸ್ಕ್‌ನಲ್ಲಿ ಕೆಟ್ಟುಹೋದ ಜಾಗ) ಇದೆ ಅಂತ ಸ್ಪಷ್ಟವಾಗಿ ಬರೆದಿದೆ. ಒಂದಲ್ಲ, ಸಾಲುಸಾಲು. ನಿಜವಾದ ಕಾಯಿಲೆ ಅದೇ ಪರದೆಯ ಮೇಲಿತ್ತು! ಆತ ಅದನ್ನು ದಾಟಿಕೊಂಡು ಹೋಗಿ, ಏನೂ ಅಲ್ಲದ್ದನ್ನು ತೋರಿಸಿ ನನ್ನನ್ನು ಹೆದರಿಸಿದ. ಆಮೇಲೆ ಸಾಯುತ್ತಿದ್ದ ಡಿಸ್ಕ್ ಮೇಲೆ ರಾತ್ರಿಯಿಡೀ ಡಿಫ್ರಾಗ್ ಓಡಿಸಿದ. ಮೊದಲು ಫೋಟೋ ಕಾಪಿ ಮಾಡಿಕೊಳ್ಳಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂದೇ ಒಂದು ಮಾತು.

ಕಂಪ್ಲೇಂಟ್ ಮಾಡಿದೆ. ಉತ್ತರ ಕೇಳಿ: "ಹಾರ್ಡ್‌ವೇರ್ ನಮ್ಮ ಪ್ಯಾಕೇಜ್‌ನಲ್ಲಿ ಬರಲ್ಲ ಮೇಡಂ." ದುಡ್ಡು ವಾಪಸ್ ಕೊಡಿ ಅಂದೆ. "ಸರ್ವಿಸ್ ಕೊಟ್ಟಾಗಿದೆ, ಪರ್ಮಿಷನ್ ನೀವೇ ಕೊಟ್ಟಿದ್ದೀರಿ." ಫೋಟೋ ಹೋದವಲ್ಲ ಅಂದೆ. "ಡೇಟಾ ರಿಕವರಿಗೆ ಬೇರೆ ಪ್ಯಾಕೇಜ್ ಇದೆ, ಆಕ್ಟಿವೇಟ್ ಮಾಡ್ಲಾ?" ಫೋನ್ ಇಟ್ಟುಬಿಟ್ಟೆ.

ಡಿಸ್ಕ್ 100% ಇದ್ದು, ಸ್ಪೀಡ್ ಕಡಿಮೆ, ರೆಸ್ಪಾನ್ಸ್ ಟೈಮ್ ನೂರಾರು, ಸಾವಿರಾರು ಮಿಲಿಸೆಕೆಂಡ್ ತೋರಿಸುತ್ತಲೇ ಇದ್ದರೆ ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಅದಕ್ಕೂ ಮೊದಲು ಡಿಫ್ರಾಗ್, ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸುವ ವಿಂಡೋಸ್ ಸಾಧನ), ಸ್ಕ್ಯಾನ್ ಏನೂ ಬೇಡ, ಯಾರು ಹೇಳಿದರೂ ಬೇಡ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕ್ ಗುಡ್ ಅಂತ ಬಂದರೆ ಆಮೇಲೆ ನಿಧಾನಕ್ಕೆ ಸಿಸ್‌ಮೇನ್, ಸರ್ಚ್ ಇಂಡೆಕ್ಸ್ (ಫೈಲ್ ಬೇಗ ಹುಡುಕಲು ವಿಂಡೋಸ್ ಮಾಡುವ ಪಟ್ಟಿ) ನಿಲ್ಲಿಸಿ ನೋಡಬಹುದು. ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ಮೆಮೊರಿಯಾಗಿ ಬಳಸುತ್ತಿದ್ದರೂ ಹೀಗೇ ಆಗುತ್ತೆ. ನಾನು ಎಸ್‌ಎಸ್‌ಡಿ ಹಾಕಿಸಿದೆ. ಅವರು ಹಳೇದು ಅಂದ ಲ್ಯಾಪ್‌ಟಾಪ್ ಈಗ ಚೆನ್ನಾಗಿ ಓಡುತ್ತಿದೆ.

ಯಾರಾದರೂ ಈವೆಂಟ್ ವ್ಯೂವರ್ ತೆರೆದು ಕೆಂಪು ಗುರುತು ತೋರಿಸಿ ವೈರಸ್ ಅಂದರೆ ಆ ಕ್ಷಣವೇ ಕನೆಕ್ಷನ್ ಕಟ್ ಮಾಡಿ. ಅವರು ಹಾಕಿಸಿದ ರಿಮೋಟ್ ಸಾಫ್ಟ್‌ವೇರ್ ತೆಗೆದುಹಾಕಿ. ಬೇರೆ ಕಂಪ್ಯೂಟರ್‌ನಿಂದ ಈಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ. ನನ್ನದರಲ್ಲಿ ಆ ಸಾಫ್ಟ್‌ವೇರ್ ವಿಂಡೋಸ್ ಜೊತೆ ತಾನಾಗಿ ಸ್ಟಾರ್ಟ್ ಆಗುವ ಹಾಗೆ ಇಟ್ಟಿದ್ದರು, ಅದೂ ಗೆಳೆಯರು ನೋಡಿದ ಮೇಲೆಯೇ ಗೊತ್ತಾಗಿದ್ದು.