ಪರದೆ ಎಂ.ಎ., ಪಾರ್ಸೆಲ್ ಎಂ.ಎ.: ಎರಡನ್ನೂ ಮಾಡಿ ನೋಡಿದ ಅಕ್ಕೋರ ಲೆಕ್ಕ

ಬಿ.ಎಡ್. ಮುಗಿಸಿ ಹನ್ನೊಂದು ವರ್ಷ ಆದಮೇಲೆ ನನಗೆ ಮತ್ತೆ ಓದುವ ಹುಚ್ಚು ಹಿಡಿಯಿತು. ಅಂಕೋಲಾ ತಾಲೂಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಸಮಾಜ ಕಲಿಸುತ್ತೇನೆ. ಧಾರವಾಡಕ್ಕೆ ಹೋಗಿ ಎರಡು ವರ್ಷ ಕೂತು ಎಂ.ಎಡ್. ಮಾಡುವುದಂತೂ ಆಗದ ಮಾತು. ನೌಕರಿ, ಮಗನ ಶಾಲೆ, ಅತ್ತೆಯ ಶುಗರ್ ಮಾತ್ರೆ, ಇದನ್ನೆಲ್ಲ ಯಾರ ತಲೆಗೆ ಕಟ್ಟಿ ಹೋಗಲಿ? ಹಾಗಾಗಿ ಮನೆಯಲ್ಲೇ ಕೂತು ಮಾಡುವ ಎಂ.ಎ. ಎಜುಕೇಶನ್ ಹುಡುಕಿದೆ. ಒಂದಲ್ಲ, ಎರಡು ಕಡೆ ಸೇರಿದೆ. 2024ರ ಜನವರಿಯಲ್ಲಿ ಒಂದು ಖಾಸಗಿ ವಿಶ್ವವಿದ್ಯಾಲಯದ ಪೂರ್ತಿ ಆನ್‌ಲೈನ್ ಕೋರ್ಸು. ಅದನ್ನು ಒಂದೇ ಸೆಮಿಸ್ಟರಿಗೆ ಬಿಟ್ಟೆ. 2025ರ ಜನವರಿಯಲ್ಲಿ ಒಂದು ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣ. ಅದರಲ್ಲಿ ಮೊದಲ ವರ್ಷ ಮುಗಿದಿದೆ. ಎರಡರ ಹೆಸರೂ ಬೇಡ, ಮುಂದೆ ಬೈಯುವುದೂ ಇದೆಯಲ್ಲ. ಮೊದಲನೆಯದನ್ನು ಪರದೆ ಎನ್ನುತ್ತೇನೆ, ಎರಡನೆಯದನ್ನು ಪಾರ್ಸೆಲ್. ಪುಸ್ತಕದ ಕಟ್ಟು ಅಂಚೆಯಲ್ಲಿ ಬರುತ್ತದೆ, ಅದಕ್ಕೆ.

ಹೋಲಿಸುವ ಮೊದಲು ಒಂದು ವಿಷಯ. ಪರದೆ ಕೋರ್ಸಿನ ಕೌನ್ಸೆಲರ್ ಹುಡುಗ ಫೋನಿನಲ್ಲಿ ಮೂರು ಸಲ ಹೇಳಿದ, "ಮೇಡಂ, ಇದು ಎಂ.ಎಡ್.ಗೆ ಸಮ, ಇವತ್ತೇ ಲಾಸ್ಟ್ ಡೇಟ್" ಅಂತ. ಲಾಸ್ಟ್ ಡೇಟ್ ಆಮೇಲೆ ಇನ್ನೂ ಒಂದೂವರೆ ತಿಂಗಳು ಬಂತು, ಅದಿರಲಿ. ಸಮ ಅನ್ನುವುದೇ ಸುಳ್ಳು. ಎಂ.ಎಡ್. ಎನ್ನುವುದು ಎನ್‌ಸಿಟಿಇ (ಶಿಕ್ಷಕರ ತರಬೇತಿ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನಿಯಮದಡಿ ನಡೆಯುವ ವೃತ್ತಿ ಪದವಿ. 2014ರ ನಿಯಮ ಬಂದಮೇಲೆ ಅದು ಎರಡು ವರ್ಷದ್ದಾಯಿತು, ಇಂಟರ್ನ್‌ಶಿಪ್ಪೂ ಇದೆ, ಪೂರ್ತಿ ಆನ್‌ಲೈನಿನಲ್ಲಿ ಮಾಡುವ ಹಾಗಿಲ್ಲ. ಎಂ.ಎ. ಎಜುಕೇಶನ್ ಅಂದರೆ ಇತಿಹಾಸದ ಎಂ.ಎ., ಅರ್ಥಶಾಸ್ತ್ರದ ಎಂ.ಎ. ಇದ್ದ ಹಾಗೆ, ಶಿಕ್ಷಣವನ್ನೇ ಒಂದು ವಿಷಯವಾಗಿ ಓದುವುದು. ಇದನ್ನು ಇಟ್ಟುಕೊಂಡು ಶಿಕ್ಷಣ ವಿಷಯದಲ್ಲಿ ಯುಜಿಸಿ ನೆಟ್ (ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಾಪಕ ಅರ್ಹತಾ ಪರೀಕ್ಷೆ) ಬರೆಯಬಹುದು, ಸಾಮಾನ್ಯ ವರ್ಗಕ್ಕೆ 55 ಪರ್ಸೆಂಟ್ ಬೇಕು. ಮುಂದೆ ಪಿಎಚ್.ಡಿ.ಗೂ ದಾರಿ ಇದೆ. ನನಗೆ ಬೇಕಿದ್ದದ್ದು ಅಷ್ಟೇ. ಎಂ.ಎಡ್. ಎಂದೇ ಕೇಳುವ ಹುದ್ದೆ ನಿಮ್ಮ ಕಣ್ಣಲ್ಲಿದ್ದರೆ ಈ ಎರಡೂ ನಿಮಗಲ್ಲ.

"ಆನ್‌ಲೈನ್ ಡಿಗ್ರಿಗೆ ಬೆಲೆ ಇದೆಯಾ ಅಕ್ಕೋರೇ?" ಎಂದು ಸ್ಟಾಫ್‌ರೂಮಿನಲ್ಲಿ ಹಿಂದಿ ಮಾಸ್ತರು ಈಗಲೂ ಕೇಳುತ್ತಾರೆ. ಇದೆ. ಮಾನ್ಯತೆ ಇರುವ ಕಡೆ ಪಡೆದ ದೂರಶಿಕ್ಷಣದ ಪದವಿ, ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿ ಎಲ್ಲ ಒಂದೇ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಆದರೆ ನೀವು ಸೇರುವ ವರ್ಷಕ್ಕೆ, ಅದೇ ಕೋರ್ಸಿಗೆ ಅನುಮತಿ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ನೋಡಿಯೇ ದುಡ್ಡು ಕಟ್ಟಬೇಕು. ವಿಶ್ವವಿದ್ಯಾಲಯ ಸರಿ ಇದ್ದು ಕೋರ್ಸಿಗೆ ಅನುಮತಿ ಇಲ್ಲದೆಯೂ ಇರಬಹುದು. 2024-25ರಿಂದ ಡೆಬ್ ಐಡಿ, ಅಂದರೆ ಆ ಬ್ಯೂರೋದ ವಿದ್ಯಾರ್ಥಿ ಗುರುತು ಸಂಖ್ಯೆ, ಬೇರೆ ಕಡ್ಡಾಯ ಆಗಿದೆ. ಪರದೆಗೆ ಸೇರುವಾಗ ಅದು ಬೇಕಿರಲಿಲ್ಲ, ಪಾರ್ಸೆಲ್‌ಗೆ ಬೇಕಾಯಿತು. ಮೊದಲು ಎಬಿಸಿ ಐಡಿ (ನಮ್ಮ ಕ್ರೆಡಿಟ್ ಜಮಾ ಆಗುವ ಖಾತೆಯ ಸಂಖ್ಯೆ), ಅದಕ್ಕೆ ಆಧಾರ್. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್, ಆಧಾರಿನಲ್ಲಿ ಗಂಡನ ಮನೆ ಅಡ್ಡಹೆಸರು. ಅದನ್ನು ಸರಿ ಮಾಡಿಸಲು ಎರಡು ಶನಿವಾರ ಮಧ್ಯಾಹ್ನ ಹೋದವು. ಮದುವೆಯಾದ ಹೆಂಗಸರು ಅರ್ಜಿ ಹಾಕುವ ತಿಂಗಳು ಮೊದಲೇ ಇದನ್ನು ನೋಡಿಕೊಳ್ಳಿ.

ಈಗ ಪಾಠದ ವಿಷಯ. ಪರದೆಯಲ್ಲಿ ಶನಿವಾರ, ಭಾನುವಾರ ಸಂಜೆ ಲೈವ್ ಕ್ಲಾಸು, ಉಳಿದದ್ದು ರೆಕಾರ್ಡ್ ಮಾಡಿದ ವಿಡಿಯೊ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ವಿಡಿಯೊ ಸುಮ್ನೆ ಸ್ಲೈಡ್ ಓದುವುದು. ಅದನ್ನು ನಾನೇ ಓದಿಕೊಳ್ಳುತ್ತೇನೆ, ಬೇಗ ಮುಗಿಯುತ್ತದೆ. ಆದರೆ ಲೈವ್ ಕ್ಲಾಸಿನ ಒಂದು ಸಂಜೆಯನ್ನು ಮಾತ್ರ ನಾನು ಮರೆಯುವುದಿಲ್ಲ. ಮನೆ ಮಾತು, ಶಾಲೆ ಮಾತು ಎನ್ನುವ ಪಾಠ. ನಮ್ಮ ಎಂಟನೇ ಕ್ಲಾಸಿನಲ್ಲಿ ಹಾಲಕ್ಕಿ ಒಕ್ಕಲಿಗರ ಮಕ್ಕಳಿದ್ದಾರೆ, ಕೊಂಕಣಿ ಮಕ್ಕಳಿದ್ದಾರೆ, ಪುಸ್ತಕದ ಕನ್ನಡ ಇಬ್ಬರಿಗೂ ಅರ್ಧ ಪರಭಾಷೆ ಎಂದು ನಾನು ಹೇಳಿದೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹಾಡಿಗೆ ಪದ್ಮಶ್ರೀ ಬಂತು, ಅದೇ ಮಾತನ್ನು ಮಗು ಉತ್ತರಪತ್ರಿಕೆಯಲ್ಲಿ ಬರೆದರೆ ನಾವು ಕೆಂಪು ಗೀಟು ಎಳೆಯುತ್ತೇವೆ ಎಂದೆ. ಆ ಕಡೆಯಿಂದ ಒಡಿಶಾದ ಒಬ್ಬ ಟೀಚರು ಮೈಕ್ ಆನ್ ಮಾಡಿ ತಮ್ಮ ಸಂತಾಲಿ ಮಕ್ಕಳ ಕತೆ ಶುರು ಮಾಡಿದರು. ಒಂದು ತಾಸಿನ ಕ್ಲಾಸು ಎರಡು ತಾಸಾಯಿತು, ಯಾರೂ ಎದ್ದು ಹೋಗಲಿಲ್ಲ. ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಹೇಳಿದ ವಲಯ, ಅಂದರೆ ಮಗು ಒಬ್ಬನೇ ಮಾಡಲಾರದ್ದನ್ನು ಬಲ್ಲವರ ಕೈ ಹಿಡಿದು ಮಾಡುವ ಆ ನಡುವಿನ ಜಾಗ, ಬಿ.ಎಡ್.ನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥ ಆದದ್ದು ಆ ಸಂಜೆ.

ಪಾರ್ಸೆಲ್‌ನಲ್ಲಿ ಇಂಥದ್ದು ಒಂದೂ ಇಲ್ಲ. ಸಂಪರ್ಕ ತರಗತಿ ಇವೆ, ಇದ್ದದ್ದೇ ಕೆಲವು ದಿನ, ನಾನು ಹೋದ ದಿನ ಏಳು ಜನ ಇದ್ದೆವು. ಅದರಲ್ಲಿ ಮೂವರು ಸಹಿ ಮಾಡಿ ಚಾ ಕುಡಿಯಲು ಹೋದವರು ವಾಪಸ್ ಬರಲಿಲ್ಲ. ಆದರೆ ಪುಸ್ತಕಗಳು ಚೆನ್ನಾಗಿವೆ. ಒಬ್ಬರೇ ಕೂತು ಓದುವವರಿಗೆಂದೇ ಬರೆದಿದ್ದಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ. ಕರೆಂಟು ಹೋದರೂ ಪುಸ್ತಕ ಹೋಗುವುದಿಲ್ಲ. ಇದು ತಮಾಷೆ ಮಾತಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮಳೆ ಹೇಗೆ ಎಂದು ಗೊತ್ತಿದ್ದವರಿಗೆ ಗೊತ್ತು. ಒಂದು ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಟವರ್ ಇಲ್ಲ. ಇನ್ನೊಂದು, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ ಪಾಠಗಳೆಲ್ಲ ಈ-ಜ್ಞಾನಕೋಶ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನೀವು ಎಲ್ಲೇ ಸೇರಿರಿ, ಅದನ್ನು ಒಮ್ಮೆ ತೆಗೆದು ನೋಡಿ. ಪರದೆಯಲ್ಲಿದ್ದಾಗ ಪರೀಕ್ಷೆಗೆ ನಾನು ಓದಿದ್ದು ಹೆಚ್ಚಾಗಿ ಅದನ್ನೇ.

ಎರಡು ಕಡೆಯೂ ಆಂತರಿಕ ಅಂಕ 30, ಪರೀಕ್ಷೆಗೆ 70. ಆದರೆ ಆ 30ನ್ನು ಗಳಿಸುವ ರೀತಿ ಬೇರೆ. ಪರದೆಯಲ್ಲಿ ಕ್ವಿಜ್, ಟೈಪ್ ಮಾಡಿ ಅಪ್‌ಲೋಡ್ ಮಾಡುವ ಅಸೈನ್‌ಮೆಂಟ್. ಪಾರ್ಸೆಲ್‌ನಲ್ಲಿ ಕೈಯಲ್ಲೇ ಬರೆಯಬೇಕು. ಹೋದ ಆಗಸ್ಟಿನಲ್ಲಿ ನಸುಕಿಗೆ ನಾಲ್ಕಕ್ಕೆ ಎದ್ದು ಬರೆಯುತ್ತಿದ್ದೆ. ಹಾಳೆ ಮಳೆಗಾಲದ ಹಪ್ಪಳದ ಹಾಗೆ ಮೆತ್ತಗೆ, ಜೆಲ್ ಪೆನ್ನಿನ ಶಾಯಿ ಎಳೆದಲ್ಲೆಲ್ಲ ಹರಡುತ್ತಿತ್ತು. ಬಾಲ್ ಪೆನ್ನಿಗೆ ಬದಲಾಯಿಸಿದೆ. ಆದರೂ ಒಂದು ಹಾಳೆಯ ಅಕ್ಷರ ಇನ್ನೊಂದಕ್ಕೆ ಹತ್ತುತ್ತಿತ್ತು. ಕೊನೆಗೆ ಅತ್ತೆಯೇ ಉಪಾಯ ಹೇಳಿದರು, "ಬಚ್ಚಲೊಲೆ ಮೇಲೆ ಹಗ್ಗ ಅದೆಯಲ್ಲೆ ತಂಗಿ, ಅಲ್ಲಿ ಹಾಕು." ಮಗನ ಯೂನಿಫಾರ್ಮಿನ ಪಕ್ಕ ಕ್ಲಿಪ್ ಹಾಕಿ ಹಾಳೆ ಒಣಗಿಸಿದೆ. ಪ್ಯಾಕ್ ಮಾಡಿ ಕಳಿಸುವಾಗ ಘಮ್ಮಂತ ಹೊಗೆ ವಾಸನೆ. ನೂರಕ್ಕೆ 71 ಬಂತು. ಅಷ್ಟೂ ಪುಟದಲ್ಲಿ ಟಿಕ್ಕು, ಕೊನೆಯಲ್ಲಿ "ಗುಡ್". ಮೂವತ್ತೆರಡು ಪುಟ ಬರೆದವಳಿಗೆ ಒಂದು ಗುಡ್! ಪರದೆಯವರು ಕಡೇ ಪಕ್ಷ ಎರಡು ಸಾಲು ಅಭಿಪ್ರಾಯ ಬರೆಯುತ್ತಿದ್ದರು.

ನಾನು ಪರದೆ ಬಿಟ್ಟದ್ದು ಪರೀಕ್ಷೆಯ ಕಾರಣಕ್ಕೆ. ಮನೆಯಲ್ಲೇ ಪರೀಕ್ಷೆ, ಎಷ್ಟು ಅನುಕೂಲ ಅಂದುಕೊಂಡಿದ್ದೆ. ಕ್ಯಾಮೆರಾ ಮುಖ ನೋಡುತ್ತಿರುತ್ತದೆ, ಮೈಕು ಸದ್ದು ಕೇಳುತ್ತಿರುತ್ತದೆ. ಮೊದಲ ಪೇಪರಿನ ದಿನ ಹತ್ತೂವರೆಗೆ ಮೀನಿನ ಗಾಡಿಯವನು ಬಂದು ನಮ್ಮ ಗೇಟಿನ ಮುಂದೆಯೇ ಪೋಂ ಪೋಂ ಮಾಡಿದ. ಪರದೆ ಮೇಲೆ ಕೆಂಪು ಎಚ್ಚರಿಕೆ: ಬೇರೆ ಸದ್ದು ಕೇಳಿಸುತ್ತಿದೆ. ಅವನಿಗೆ ಹೋಗು ಎನ್ನಲು ಕಿಟಕಿ ಕಡೆ ತಿರುಗಿದೆ. ಎರಡನೇ ಎಚ್ಚರಿಕೆ: ಮುಖ ಕಾಣಿಸುತ್ತಿಲ್ಲ. ಮೂರಾದರೆ ಪರೀಕ್ಷೆ ತಾನಾಗಿ ಮುಚ್ಚುತ್ತದೆ. ಉಳಿದ ಎರಡು ತಾಸು ಕಲ್ಲಿನ ಗೊಂಬೆಯ ಹಾಗೆ ಕೂತು ಬರೆದೆ, ಕುತ್ತಿಗೆ ಹಿಡಿದುಕೊಂಡಿತು.

ಇದು ನಗುವ ಕತೆ. ಮೂರನೇ ಪೇಪರಿನದು ಹಾಗಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಆ ವಾರ ನಮ್ಮ ತಾಲೂಕಿನಲ್ಲಿ ಯಾರ ಮನಸ್ಸೂ ನೆಟ್ಟಗಿರಲಿಲ್ಲ, ನಮ್ಮ ಕಡೆ ಕರೆಂಟೂ ಇರಲಿಲ್ಲ. ಪರೀಕ್ಷೆ ಮುಂದೆ ಹಾಕಿಕೊಡಿ ಎಂದು ಬರೆದೆ. ಹೆಲ್ಪ್‌ಡೆಸ್ಕಿನಿಂದ ಬಂದದ್ದು ಮೊದಲೇ ಬರೆದಿಟ್ಟ ಉತ್ತರ. ನೆಟ್‌ವರ್ಕ್ ಕಲಿಯುವವರ ಜವಾಬ್ದಾರಿ, ಮುಂದಿನ ಸೆಮಿಸ್ಟರಿನಲ್ಲಿ ಶುಲ್ಕ ಕಟ್ಟಿ ಮತ್ತೆ ಬರೆಯಿರಿ. ಫೋನ್ ಮಾಡಿದರೆ ಅದೇ ಮಾತು, ದನಿ ಮಾತ್ರ ಬೇರೆ. ಅವತ್ತೇ ಮನಸ್ಸು ಮುರಿಯಿತು.

ಪಾರ್ಸೆಲ್‌ನ ಪರೀಕ್ಷೆ ನನಗೆ ಹುಬ್ಬಳ್ಳಿಯಲ್ಲಿ ಬಿತ್ತು. ನಸುಕಿನ ಬಸ್ಸು, ಅರಬೈಲ್ ಘಟ್ಟ, ಯಲ್ಲಾಪುರದಲ್ಲಿ ತಿಂಡಿ. ಒಂದೊಂದು ಪೇಪರಿಗೆ ಒಂದೊಂದು ದಿನ, ನಡುವೆ ಅಂತರ ಬೇರೆ. ಚಿಕ್ಕಮ್ಮನ ಮನೆ ಇಲ್ಲದಿದ್ದರೆ ಲಾಡ್ಜಿಗೇ ಶುಲ್ಕದಷ್ಟು ದುಡ್ಡು ಹೋಗುತ್ತಿತ್ತು. ರಜೆ ಐದು ದಿನ ಹೋಯಿತು. ಆದರೂ ಬೆಂಚಿನ ಮೇಲೆ ಕೂತು ಮೂರು ತಾಸು ಪೆನ್ನು ಓಡಿಸಿ, ಪೇಪರ್ ಕೊಟ್ಟು, ಹೊರಗೆ ಬಂದು ಗಿರ್ಮಿಟ್ ತಿನ್ನುವುದಿದೆಯಲ್ಲ, ಆ ನೆಮ್ಮದಿ ಪರದೆಯಲ್ಲಿ ಸಿಗಲಿಲ್ಲ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಪರದೆಗೆ ನಾನು ಕಟ್ಟಿದ್ದು ಸೆಮಿಸ್ಟರಿಗೆ 24 ಸಾವಿರ, ಕಂತಿನಲ್ಲಿ. ಪಾರ್ಸೆಲ್‌ಗೆ ವರ್ಷಕ್ಕೇ ಎಂಟು ಸಾವಿರದ ಒಳಗೆ. ಬಿಟ್ಟಾಗ ಪರದೆಯವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ.

ಸಮಯದ ವಿಷಯದಲ್ಲಿ ಎರಡೂ ಒಂದೇ, ಎರಡೂ ಕಡೆ ಜಾಹೀರಾತು ಹೇಳುವುದಕ್ಕಿಂತ ಜಾಸ್ತಿ ಬೇಕು. ಒಂದು ಕ್ರೆಡಿಟ್ ಅಂದರೆ 30 ತಾಸಿನ ಓದು. ಸೆಮಿಸ್ಟರಿಗೆ ನಾಲ್ಕು ಕ್ರೆಡಿಟ್ಟಿನ ನಾಲ್ಕು ಪೇಪರ್ ಅಂದರೆ 480 ತಾಸು. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಎರಡೂವರೆ ತಾಸು ಮೀರುತ್ತದೆ, ಜಾತ್ರೆ, ಮದುವೆ, ಜ್ವರ ಯಾವುದಕ್ಕೂ ಬಿಡುವಿಲ್ಲದೆ. ಅಷ್ಟು ಓದುವವರು ಯಾರೂ ಇಲ್ಲ ಬಿಡಿ, ನಾನೂ ಅಲ್ಲ. ಪಾರ್ಸೆಲ್‌ನಲ್ಲಿ ನಾಲ್ಕು ವರ್ಷದ ತನಕ ಎಳೆಯಬಹುದು ಎನ್ನುವುದೇ ಒಂದು ಧೈರ್ಯ.

ನನ್ನ ಜೊತೆಗೇ ಪರದೆಗೆ ಸೇರಿದ ಶಿರಸಿಯ ಗೆಳತಿ ಬಿಡಲಿಲ್ಲ. ಅವಳದು ಪೇಟೆ ಮನೆ, ಫೈಬರ್ ಇದೆ, ಇನ್ವರ್ಟರ್ ಇದೆ, ಮೀನಿನ ಗಾಡಿ ಇಲ್ಲ. ಚಿಕ್ಕ ಮಗು ಇರುವುದರಿಂದ ಹುಬ್ಬಳ್ಳಿಗೆ ಐದು ಸಲ ಓಡಾಡುವುದು ಅವಳಿಂದ ಆಗುತ್ತಿರಲಿಲ್ಲ. ಅವಳಿಗೆ ಪರದೆಯೇ ಸರಿ, ನಾನೂ ಹಾಗೇ ಹೇಳಿದ್ದೇನೆ. ಈಗ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಅವಳ ಗೈಡ್ ವಿಡಿಯೊ ಕಾಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಪ್ರಶ್ನಾವಳಿ ತಿದ್ದಿ ಕೊಡುತ್ತಾರೆ. ನನ್ನದು ಹಾಲಕ್ಕಿ ಮತ್ತು ಕೊಂಕಣಿ ಮಕ್ಕಳ ಮನೆ ಮಾತಿನ ಮೇಲೆಯೇ, ಆ ಸಂಜೆ ಹುಟ್ಟಿದ ವಿಷಯ. ಪ್ರಸ್ತಾವನೆ ಬರೆದಿಟ್ಟು ಆರು ವಾರ ಆಯಿತು. ಒಂದು ಸಹಿಗೆ ಧಾರವಾಡಕ್ಕೆ ಹೋಗಬೇಕು, ಗೈಡ್ ಸಾಹೇಬರು ಫೋನ್ ಎತ್ತುತ್ತಿಲ್ಲ. ಇದೊಂದು ವಿಷಯಕ್ಕೆ ಅವಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು.