ಹನ್ನೆರಡು ವರ್ಷ ನೋಡಿದ ಮೇಲೆ: ‘ದಿ ಟೂ ರಾನೀಸ್’ ಡಿವಿಡಿ ಸೆಟ್

2013ರಲ್ಲಿ ಇಂಗ್ಲೆಂಡಿನಿಂದ ಬಂದ ಅಣ್ಣ ತಂದುಕೊಟ್ಟ, ಬ್ರಿಟನ್ನಿನ ಹಳೆಯ ಟಿವಿ ಹಾಸ್ಯ ಕಾರ್ಯಕ್ರಮವೊಂದರ ಸೆಟ್ ಇದು. ಮೊದಲು ಬಳಕೆಯ ಮಾತು. ಡಿವಿಡಿಗಳಿಗೆ ಪ್ರಪಂಚದ ಭಾಗಕ್ಕೊಂದರಂತೆ ವಲಯ ಸಂಖ್ಯೆ ಇರುತ್ತದೆ, ಒಂದು ವಲಯದ ಪ್ಲೇಯರ್ ಸಾಮಾನ್ಯವಾಗಿ ಇನ್ನೊಂದರ ಡಿಸ್ಕನ್ನು ಓದುವುದಿಲ್ಲ. ಬ್ರಿಟನ್ನಿನ ಡಿವಿಡಿಗಳು 2ನೇ ವಲಯದವು, ನಮ್ಮವು 5ನೇ ವಲಯದವು. ಮನೆಯಲ್ಲಿದ್ದ ಪ್ಲೇಯರ್ ಡಿಸ್ಕನ್ನು ಒಳಗೆಳೆದುಕೊಂಡು, ಗೊರಗೊರ ತಿರುಗಿಸಿ, ಹೊರಗೆ ಹಾಕಿತು. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಕೊಂಡ ಮೇಲೆ ತೊಂದರೆಯಾಗಿಲ್ಲ. ಸಕಲೇಶಪುರದ ಮಳೆಗಾಲಕ್ಕೆ ರಟ್ಟಿನ ಪೆಟ್ಟಿಗೆ ಬೂಸಲು ಹಿಡಿಯಿತು. ಡಿಸ್ಕುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ, ಒಂದೂ ಹಾಳಾಗಿಲ್ಲ.

1971ರಿಂದ 1987ರವರೆಗೆ ಬಿಬಿಸಿಯಲ್ಲಿ ಬಂದ ಈ ಕಾರ್ಯಕ್ರಮದಲ್ಲಿ ಇಬ್ಬರು ರಾನಿಗಳು: ದಪ್ಪ ಮೈಯ ರಾನಿ ಬಾರ್ಕರ್, ಗಿಡ್ಡ ರಾನಿ ಕಾರ್ಬೆಟ್. ಮೊದಲ ವರ್ಷ ನಾನು ನೋಡಿದ್ದು ಬಾರ್ಕರ್ ನಟನೆಯನ್ನು ಮಾತ್ರ. ಬರಹಗಾರ ಬಾರ್ಕರ್ ಕಣ್ಣಿಗೆ ಬಿದ್ದದ್ದು ತಡವಾಗಿ, ಕೊನೆಯಲ್ಲಿ ಓಡುವ ಹೆಸರುಗಳನ್ನು ನಿಲ್ಲಿಸಿ ಓದತೊಡಗಿದಾಗ. ಅಲ್ಲಿ ಜೆರಾಲ್ಡ್ ವೈಲಿ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ವೈಲಿ ಬಾರ್ಕರ್ ಅವರೇ. ಇದಕ್ಕೂ ಮೊದಲು, ಟಿವಿ ನಿರೂಪಕ ಡೇವಿಡ್ ಫ್ರಾಸ್ಟ್ ಅವರ ಕಾರ್ಯಕ್ರಮದಲ್ಲಿ ನಟಿಸುತ್ತಿದ್ದಾಗ, ತಾರೆ ಬರೆದದ್ದು ಎಂಬ ದಾಕ್ಷಿಣ್ಯಕ್ಕೆ ಯಾರೂ ಒಪ್ಪಿಕೊಳ್ಳಬಾರದೆಂದು ಅವರು ಈ ಹೆಸರಿನಲ್ಲಿ ಪ್ರಹಸನಗಳನ್ನು ಕಳಿಸತೊಡಗಿದರು. ವೈಲಿ ಯಾರು ಎಂದು ಎಲ್ಲರೂ ತಲೆ ಕೆಡಿಸಿಕೊಂಡರು, ನಾಟಕಕಾರ ಟಾಮ್ ಸ್ಟಾಪರ್ಡ್ ಇರಬೇಕೆಂದೂ ಊಹಿಸಿದರು. ಕಡೆಗೆ ಒಂದು ಚೀನೀ ಹೋಟೆಲಿನ ಊಟದಲ್ಲಿ ಬಾರ್ಕರ್ ಎದ್ದು ನಿಂತು, ನಾನೇ ವೈಲಿ ಎಂದರು. ಹೆಸರಿದ್ದೂ ಅದನ್ನು ಪಕ್ಕಕ್ಕಿಟ್ಟು ಬರಹವೊಂದನ್ನೇ ತಕ್ಕಡಿಗೆ ಹಾಕಿದ ಈ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ.

ನಮ್ಮ ಮನೆಯಲ್ಲಿ ಅತಿ ಹೆಚ್ಚು ಓಡಿದ್ದು 1976ರ ‘ಫೋರ್ ಕ್ಯಾಂಡಲ್ಸ್’ ಪ್ರಹಸನ. ಗಿರಾಕಿ ಬಾರ್ಕರ್, ಅಂಗಡಿಯಾತ ಕಾರ್ಬೆಟ್. ನಾಲ್ಕು ಮೇಣದಬತ್ತಿ ತಂದಿಟ್ಟರೆ ಗಿರಾಕಿ ಅದಲ್ಲ ಎನ್ನುತ್ತಾನೆ. ಅವನಿಗೆ ಬೇಕಿದ್ದುದು ‘ಫೋರ್ಕ್ ಹ್ಯಾಂಡಲ್ಸ್’, ಅಂದರೆ ತೋಟ ಅಗೆಯುವ ಫೋರ್ಕಿನ ಕಾವು. ಅವನ ನಾಲಗೆ ‘ಹ’ಕಾರವನ್ನು ನುಂಗುತ್ತದೆ. ‘ಓಸ್’ ಎಂದರೆ ‘ಹೋಸ್’ ಎಂಬ ಗುದ್ದಲಿಗಳೋ, ನೀರಿನ ಹೋಸ್ ಪೈಪೋ, ಗೇಟಿಗೆ ಬಡಿಯುವ ‘ಓ’ ಅಕ್ಷರಗಳೋ? ‘ಹಾಲು’ ‘ಆಲು’ ಆಗುವುದನ್ನು ಕೇಳುತ್ತ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಈ ಕಲ್ಪನೆ ಬಂದದ್ದು ಮಿಡ್ಲ್‌ಸೆಕ್ಸಿನ ಹೇಯ್ಸ್ ಊರಿನ ಹಾರ್ಡ್‌ವೇರ್ ಅಂಗಡಿಯವರಿಂದ.

ನನ್ನ ಅಪ್ಪ ಮೂವತ್ತು ವರ್ಷ ಕಬ್ಬಿಣದ ಅಂಗಡಿ ನಡೆಸಿದವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಾರ್ಬೆಟ್ ಏಣಿ ಹತ್ತಿ ಅಕ್ಷರಗಳ ಡಬ್ಬ ಇಳಿಸಿ, ‘ಓ’ ಕೊಟ್ಟು, ಡಬ್ಬವನ್ನು ಮೇಲಿಟ್ಟು ಇಳಿದ ಮೇಲೆ ಗಿರಾಕಿ ‘ಪೀಸ್’ ಕೇಳುತ್ತಾನಲ್ಲ, ಅಲ್ಲಿ ಅಪ್ಪ ತೊಡೆ ತಟ್ಟಿ, “ಮೇಲಿದ್ದಾಗಲೇ ಹೇಳಬಾರದಿತ್ತೇನಯ್ಯ!” ಎಂದು ಕೂಗಿದರು. ಅಂಗಡಿಯಾತನ ಗೋಳೂ ಅದೇ. ಆದರೆ ಬೇಕಿದ್ದುದು ‘ಪಿ’ ಅಕ್ಷರವೂ ಅಲ್ಲ, ಡಬ್ಬಿಯಲ್ಲಿ ಬರುವ ‘ಪೀಸ್’, ಅಂದರೆ ಬಟಾಣಿ. ಈ ಪ್ರಹಸನಕ್ಕೆ ಸಬ್‌ಟೈಟಲ್ ಹಾಕಬೇಡಿ. ಕಿವಿ ಮೋಸಹೋಗುವ ಮೊದಲೇ ಪರದೆಯ ಮೇಲೆ ಅಕ್ಷರ ಮೂಡಿ ಗುಟ್ಟು ರಟ್ಟಾಗುತ್ತದೆ.

ಎಲ್ಲವೂ ಈ ಮಟ್ಟದ್ದಲ್ಲ. ಸಂಚಿಕೆಗಳ ಕೊನೆಯ ಹಾಡಿನ ಭಾಗಗಳು ನನಗೆ ಉದ್ದವಾದವು, ಈಗ ದಾಟಿಸಿಬಿಡುತ್ತೇನೆ. ಹೆಂಗಸರ ಮೈಕಟ್ಟಿನ ಮೇಲಿನ ಹಾಸ್ಯ ಮಗಳ ಜೊತೆ ಕುಳಿತು ನೋಡುವಾಗ ಕಸಿವಿಸಿ ಹುಟ್ಟಿಸುತ್ತದೆ. ಬಾರ್ಕರ್ ಕೈದಿಯಾಗಿ ನಟಿಸಿದ ಹಾಸ್ಯ ಧಾರಾವಾಹಿ ‘ಪಾರಿಜ್’ ಇದರಲ್ಲಿಲ್ಲ, ಬೇರೆಯೇ ಕೊಳ್ಳಬೇಕು. ಅದನ್ನು ಬರೆದವರು ಬೇರೆಯವರು, ಆದರೂ ಬಾರ್ಕರ್ ನಟನೆಯಲ್ಲಿ ನನ್ನ ಮೊದಲ ಮತ ಅದಕ್ಕೇ.

1987ರಲ್ಲಿ, ಬೇಡಿಕೆ ಇದ್ದಾಗಲೇ, ಬಾರ್ಕರ್ ನಿವೃತ್ತರಾಗಿ ಚಿಪ್ಪಿಂಗ್ ನಾರ್ಟನ್ನಿನಲ್ಲಿ ಹಳೆಯ ವಸ್ತುಗಳ ಅಂಗಡಿ ತೆರೆದರು. 2005ರಲ್ಲಿ ತೀರಿಕೊಂಡರು. ಅಂಗಡಿಯ ವಿಷಯ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ವ್ಯಾಪಾರ ಹೇಗಿತ್ತಂತೆ?” ಎಂದು ಕೇಳಿದರು. ಆಮೇಲೆ ಅದೇ ಡಿಸ್ಕನ್ನು ಇನ್ನೊಮ್ಮೆ ಹಾಕಿಸಿಕೊಂಡರು.