ಮಡಹಾಗಲ: ಮಾರ್ಕೆಟ್ಟಿನ ಸಣ್ಣ ಕಾಯಿಯೇ ಮೇಲು

ಮಳೆಗಾಲದ ಎರಡು ಮೂರು ತಿಂಗಳು ದಾವಣಗೆರೆಯ ಕೆ.ಆರ್. ಮಾರ್ಕೆಟ್ಟಿನಲ್ಲಿ ಮಡಹಾಗಲ ಸಿಗುತ್ತದೆ. ಬರುವುದು ಎರಡು ಬಗೆ. ಒಂದು, ಬೇಲಿ ಮತ್ತು ಕಾಡಂಚಿನ ಬಳ್ಳಿಯಿಂದ ಕಿತ್ತು ತಂದ ಸಣ್ಣ ಕಾಯಿ. ನೆಲದ ಮೇಲೆ ಚೀಲ ಹಾಸಿ ಕೂತವರ ಹತ್ತಿರ ಇದನ್ನು ನೋಡಬೇಕು. ಇನ್ನೊಂದು, ತೋಟದಲ್ಲಿ ಬೆಳೆದ ದಪ್ಪ ಕಾಯಿ. ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಸುತ್ತಿದ ತಟ್ಟೆಯಲ್ಲಿ ಕಾಣುವುದು ಹೆಚ್ಚಾಗಿ ಇದೇ. ರುಚಿಗೆ ಸಣ್ಣದೇ ಮೇಲು, ಅದರಲ್ಲಿ ನಮಗೆ ಅನುಮಾನವೇ ಇಲ್ಲ. ದಪ್ಪದ್ದು ತಿರುಳು ಜಾಸ್ತಿ, ಪರಿಮಳ ಕಡಿಮೆ; ಮಸಾಲೆ ತುಂಬಿ ಎಣ್ಣೆಗಾಯಿ ಮಾಡುವುದಾದರೆ ಮಾತ್ರ ಅದನ್ನು ತಗೊಳ್ಳಿ.

ದರ ಹಾಗಲಕಾಯಿಗಿಂತ ಜಾಸ್ತಿಯೇ. ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಬಳ್ಳಿ ಮಾತ್ರ, ಅದೂ ಹತ್ತಿರದಲ್ಲಿ ಗಂಡು ಹೂವಿದ್ದರೆ. ಮುಳ್ಳುಕಂಟಿಯೊಳಗೆ ಕೈ ಹಾಕಿ ಒಂದೊಂದೇ ಕೀಳುವ ಕೂಲಿಯೂ ಸೇರುತ್ತದೆ. ಹಾಗಾಗಿ ಚೌಕಾಸಿಗಿಂತ ಆರಿಸುವುದರ ಮೇಲೆ ಗಮನ ಇರಲಿ.

ಮೈ ಪೂರ್ತಿ ಹಸಿರು, ಒತ್ತಿದರೆ ಗಟ್ಟಿ, ಮೇಲಿನ ಮೆತ್ತನೆ ಮುಳ್ಳು ನೆಟ್ಟಗೆ: ಇಂಥದ್ದು ಎಳೆಯದು. ತುದಿಯಲ್ಲಿ ಹಳದಿ ತಿರುಗಿದ್ದರೆ ಒಳಗೆ ಬೀಜ ಕೆಂಪಾಗಿ ಬಲಿತಿರುತ್ತದೆ. ಎಷ್ಟು ಬೇಯಿಸಿದರೂ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಪ್ಲಾಸ್ಟಿಕ್ ತಟ್ಟೆಯ ತೊಂದರೆ ಇಲ್ಲೇ. ಒಳಗೆ ಬೆವರು ಕೂತು ಕಾಯಿ ಮೆತ್ತಗಾಗುತ್ತದೆ, ಕೆಳಗಿನ ಸಾಲು ಹಣ್ಣಾಗಿದ್ದರೂ ಕಾಣುವುದಿಲ್ಲ. ಮನೆಯಲ್ಲೂ ಕವರಿನಲ್ಲಿ ಕಟ್ಟಿಡದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು, ಮೂರು ದಿನದೊಳಗೆ ಮುಗಿಸಿ.

ಪಲ್ಯಕ್ಕೆ ಕಾಲು ಕೆಜಿ ಕಾಯಿ ಮೂರು ಜನಕ್ಕೆ ಆಗುತ್ತದೆ. ಮುಳ್ಳಿನ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಉಪ್ಪುನೀರಿನಲ್ಲಿ ಐದು ನಿಮಿಷ ನೆನೆಸಿ ಅಂಗೈಯಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ಹೆರೆಯಬೇಡಿ, ಗರಿಗರಿಯಾಗುವುದೇ ಆ ಮುಳ್ಳು. ಹಾಗಲದ ಬಳಗದ್ದಾದರೂ ಇದಕ್ಕೆ ಅಂಥ ಕಹಿ ಇಲ್ಲ, ಉಪ್ಪು ಹಚ್ಚಿ ಹಿಂಡುವ ಕೆಲಸವೂ ಇಲ್ಲ. ಬಟ್ಟೆಯಲ್ಲಿ ಒರೆಸಿ, ಎರಡೂ ತುದಿ ತೆಗೆದು, ಉದ್ದಕ್ಕೆ ಸೀಳಿ, ತೆಳ್ಳಗೆ ಹೆಚ್ಚಿ. ಬಿಳಿ ಬೀಜ ಇರಲಿ, ಬಲಿತದ್ದನ್ನು ಕೆರೆದು ತೆಗೆಯಿರಿ.

ಅಗಲವಾದ ಕಬ್ಬಿಣದ ಬಾಣಲೆಗೆ ಮೂರು ಚಮಚ ಶೇಂಗಾ ಎಣ್ಣೆ ಹಾಕಿ. ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ನಾಲ್ಕೆಸಳು ಬೆಳ್ಳುಳ್ಳಿಯ ಒಗ್ಗರಣೆಗೆ ಕಾಯಿ ಹರಡಿ. ಮಧ್ಯಮ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ಆಗಾಗ ಮಗುಚುತ್ತಾ ಹುರಿಯಿರಿ. ಮುಚ್ಚಳ ಮುಚ್ಚಬಾರದು, ನೀರು ಚಿಮುಕಿಸಬಾರದು. ಹೆಚ್ಚಿನವರ ಪಲ್ಯ ಕೆಡುವುದು ಇಲ್ಲೇ: ಹಬೆ ಒಳಗೇ ನಿಂತರೆ ಕಾಯಿ ಲೊಳಲೊಳ ಆಗಿಬಿಡುತ್ತದೆ. ಬಾಣಲೆ ಚಿಕ್ಕದಿದ್ದರೂ ಅದೇ ಗತಿ, ಎರಡು ಪಾಲು ಮಾಡಿ ಹುರಿಯಿರಿ. ಉಪ್ಪು ಮೊದಲೇ ಹಾಕಿದರೆ ನೀರು ಬಿಡುತ್ತದೆ. ಅಂಚು ಕಂದು ಬಣ್ಣಕ್ಕೆ ಬಂದ ಮೇಲೆ ಹಾಕಿ. ಒಂದು ಚಮಚ ಖಾರದ ಪುಡಿ, ಎರಡು ಚಮಚ ಶೇಂಗಾ ಪುಡಿ ಬೆರೆಸಿ ಒಂದು ನಿಮಿಷಕ್ಕೆ ಇಳಿಸಿ, ಇಲ್ಲವಾದರೆ ಪುಡಿ ಸೀಯುತ್ತದೆ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ಮಳೆಗಾಲದಲ್ಲಿ ಇನ್ನೊಂದಿಲ್ಲ.

ಕೊಳ್ಳಲು ಬೆಳಿಗ್ಗೆಯೇ ಹೋಗಿ. ಸಂಜೆ ದರ ಇಳಿಸಿದರೂ ರಾಶಿಯಲ್ಲಿ ಉಳಿದಿರುವುದು ಬೇರೆಯವರು ಆರಿಸಿ ಬಿಟ್ಟದ್ದು; ಕೈಯಾರೆ ಆರಿಸಿಕೊಳ್ಳಲು ಬಿಟ್ಟರೆ ಮಾತ್ರ ತೂಗಿಸಿ.